ಬಯಲಿಗೆ ಬಂದ ನೆರಳು

ಮಕ್ಕಳೇ, ಒಂದು ವಿಶಾಲವಾದ ಹುಲ್ಲುಗಾವಲಿನಲ್ಲಿ ಚಿಟ್ಟವ್ವ ಎಂಬ ಟಿಟ್ಟಿಭ ಹಕ್ಕಿ ಬಾಳುತ್ತಿದ್ದಳು. ಗೂಡು ಗೀಡು ಕಟ್ಟುವ ಗೋಜೇ ಅವಳಿಗಿರಲಿಲ್ಲ. ಕಲ್ಲುಗಳ ನಡುವೆ ನೆಲದ ಮೇಲೇ ಮೊಟ್ಟೆ ಇಡುತ್ತಿದ್ದಳು. ಕಲ್ಲು ಯಾವುದು, ಮೊಟ್ಟೆ ಯಾವುದು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಅವಳಿಗೆ ಒಂದೇ ಕೊರಗು. ಕಾಡಿನ ಹಕ್ಕಿಗಳಿಗಿರುವಂತೆ ತನಗೂ ಮರಗಳಿಲ್ಲವಲ್ಲ!

ಒಂದು ಮಳೆಗಾಲ ಊರಿನವರು ಬಂದು, "ಈ ಪಾಳು ಜಾಗದಲ್ಲಿ ಕಾಡು ಬೆಳೆಸೋಣ" ಎಂದು ಸಾಲಾಗಿ ಜಾಲಿ ಸಸಿ ನೆಟ್ಟು ಹೋದರು. ಚಿಟ್ಟವ್ವನಿಗೆ ಹಿಡಿಸಲಾರದಷ್ಟು ಸಂತೋಷ.

ಮರುದಿನ ಕರಿಯಣ್ಣನೆಂಬ ಕೃಷ್ಣಮೃಗ ಸಸಿಯ ಚಿಗುರಿಗೆ ಬಾಯಿ ಹಾಕಿದ.

"ಏ ಕರಿಯಣ್ಣ, ಮುಟ್ಟಬೇಡ! ಇಲ್ಲಿ ಕಾಡಾಗುತ್ತೆ" ಎಂದಳು ಚಿಟ್ಟವ್ವ.

"ಕಾಡಾದ್ರೆ ಹುಲ್ಲೆಲ್ಲಿರುತ್ತೆ, ಚಿಟ್ಟವ್ವ? ತೋಳ ದೂರದಿಂದ್ಲೇ ಕಂಡ್ರೆ ತಾನೇ ನಾವು ಓಡೋದು? ನಾವೆಲ್ಲ ಬಯಲಿನವರು."

"ನಿನಗೆ ಹೊಟ್ಟೆಕಿಚ್ಚು!"

ತೋಳ ಬಂದರೆ ಮೊದಲು ಕೂಗುವವಳು ಚಿಟ್ಟವ್ವ. ಅವಳ ಕೂಗು ಕೇಳಿದೊಡನೆ ಓಡುವುದು ಕರಿಯಣ್ಣನ ಹಿಂಡಿನ ರೂಢಿ. ಅಂದಿನಿಂದ ಯಾರಾದರೂ ಸಸಿಯ ಹತ್ತಿರ ಸುಳಿದರೆ ಸಾಕು, ಅವಳು ಸುಳ್ಳುಸುಳ್ಳೇ ಅರಚಿ ಓಡಿಸುತ್ತಿದ್ದಳು. ಕೊನೆಗೆ ಬೇಸತ್ತ ಹಿಂಡು ಗುಡ್ಡದಾಚೆಯ ಬಯಲಿಗೆ ಹೊರಟೇಹೋಯಿತು.

ಸಸಿಗಳು ಮರಗಳಾದವು. ಬುಡದ ಹುಲ್ಲು ಸೊರಗಿತು. ಚಿಟ್ಟವ್ವ ಮಾತ್ರ ಮರದ ಪಕ್ಕದಲ್ಲೇ ಮೊಟ್ಟೆಯಿಟ್ಟು ಬೀಗುತ್ತಾ ಕೂತಳು.

ಆಗ ಊರಿನಿಂದ ಕಾಗೆಯೊಂದು ಬಂತು. ಮೊದಲು ಅದಕ್ಕೆ ಅಲ್ಲಿ ಕೂರಲು ಒಂದು ಕೊಂಬೆಯೂ ಇರಲಿಲ್ಲ. ಈಗ ಆರಾಮಾಗಿ ಕೂತು ಕೆಳಗೆ ಇಣುಕಿತು.

"ಅಬ್ಬಾ, ಇಲ್ಲಿಂದ ಎಲ್ಲಾ ಎಷ್ಟು ಚೆನ್ನಾಗಿ ಕಾಣುತ್ತೆ!"

ಚಿಟ್ಟವ್ವ ಕಾಗೆಯನ್ನು ಬೇರೆ ಕಡೆ ಸೆಳೆಯಲು ರೆಕ್ಕೆ ಮುರಿದವಳಂತೆ ಕುಂಟುತ್ತಾ ದೂರ ಓಡಿದಳು. ನರಿಯಾಗಿದ್ದರೆ ಬೆನ್ನು ಹತ್ತುತ್ತಿತ್ತು. ಆದರೆ ಅವಳು ಎದ್ದ ಜಾಗವನ್ನು ಕಾಗೆ ಮೇಲಿನಿಂದ ನೋಡಿಬಿಟ್ಟಿತ್ತು. ನೇರವಾಗಿ ಅಲ್ಲಿಗೇ ಇಳಿದು ಮೊಟ್ಟೆಗಳನ್ನೆಲ್ಲ ಕುಕ್ಕಿ ತಿಂದಿತು. ಪಾಪ, ಚಿಟ್ಟವ್ವ ಎಷ್ಟು ಕೂಗಿಕೊಂಡರೂ ಕೇಳಲು ಅಲ್ಲಿ ಒಬ್ಬರೂ ಉಳಿದಿರಲಿಲ್ಲ.

ಅವಳು ಅಳುತ್ತಾ ಗುಡ್ಡ ದಾಟಿ ಕರಿಯಣ್ಣನ ಬಳಿ ಬಂದಳು.

"ನಾನೇ ಕಾವಲು ಕಾದು ಬೆಳೆಸಿದ ಮರ, ಕರಿಯಣ್ಣ. ಅದರ ಮೇಲೇ ಕೂತು ಕಾಗೆ ನನ್ನ ಮೊಟ್ಟೆಗಳನ್ನ ನೋಡ್ತು. ಒಂದನ್ನೂ ಬಿಡಲಿಲ್ಲ."

ಕರಿಯಣ್ಣ ಹಳೆಯದನ್ನು ಎತ್ತಿ ಆಡಲಿಲ್ಲ. "ಅಳಬೇಡ. ಇಲ್ಲಿ ಇನ್ನೂ ಒಂದಿಷ್ಟು ಬಯಲಿದೆ. ನಿನಗೆ ಬೇಕಾದ ಕಡೆ ಕೂತ್ಕೋ" ಎಂದ.

ಆ ಬೇಸಿಗೆಯಲ್ಲಿ ಕರಿಯಣ್ಣನ ಹಿಂಡು ಮೇಯುವಾಗ ಕಲ್ಲುಗಳಿದ್ದ ಒಂದು ಜಾಗವನ್ನು ಮಾತ್ರ ತುಳಿಯದೆ ಸುತ್ತಿಕೊಂಡು ಹೋಗುತ್ತಿತ್ತು.

ನೀತಿ: ನಮ್ಮ ನೆಲದ ಗುಣವನ್ನು ಅರಿಯದೆ ಇನ್ನೊಬ್ಬರ ನೆಲದಂತೆ ಮಾಡಹೊರಟರೆ, ಇದ್ದ ಆಸರೆಯನ್ನೂ ಕಳೆದುಕೊಳ್ಳುತ್ತೇವೆ.