ಗೊರವಂಕ ಕೇಳಿದ ಒಪ್ಪಿಗೆ

ಗದ್ದೆಯ ಬದುವಿನಲ್ಲಿದ್ದ ಮುಟ್ಟಿದರೆ ಮುನಿ ಗಿಡದ ಸ್ವಭಾವವನ್ನು ತಿಳಿಯಲು ಒಂದು ಗೊರವಂಕ ಹೊರಟಿತು. ಕೊಕ್ಕಿನಿಂದ ಕುಟುಕಿತು, ಎಲೆಗಳು ಮುಚ್ಚಿಕೊಂಡವು. ಅವು ಬಿಚ್ಚಿಕೊಳ್ಳುವ ಮೊದಲೇ ಮತ್ತೆ ಕುಟುಕಿತು. ಸಂಜೆಯವರೆಗೂ ಹೀಗೆಯೇ ಮಾಡಿ, ಜಾಲಿಮರದ ಹಕ್ಕಿಗಳಿಗೆಲ್ಲ ಸಾರಿತು: "ಪರೀಕ್ಷಿಸಿ ನೋಡಿದ್ದೇನೆ. ಈ ಗಿಡ ಸದಾ ಮುದುಡಿಕೊಂಡೇ ಇರುತ್ತದೆ. ಹೇಡಿತನವೇ ಇದರ ಸ್ವಭಾವ."

ಗಿಡ ಹೇಳಿತು: "ಅಯ್ಯಾ, ನೀನು ಕಂಡದ್ದು ನನ್ನ ಸ್ವಭಾವವನ್ನಲ್ಲ, ನಿನ್ನ ಕೊಕ್ಕಿನ ಪ್ರಭಾವವನ್ನು. ಮುಚ್ಚಿದ ಎಲೆಗೆ ಬಿಸಿಲು ಸಿಗದು. ನಿನ್ನ ಪರೀಕ್ಷೆ ನಡೆದಷ್ಟು ಹೊತ್ತೂ ನನಗೆ ಉಪವಾಸ. ನನ್ನನ್ನು ಒಂದು ಮಾತು ಕೇಳಿದೆಯಾ?"

ಗೊರವಂಕ ತಲೆ ತಗ್ಗಿಸಿತು. "ಈಗ ಕೇಳುತ್ತೇನೆ. ನಿನ್ನನ್ನು ನೋಡಲು ಒಪ್ಪಿಗೆಯಿದೆಯೇ?"

"ಬೆಳಗ್ಗೆ ಬಾ. ದೂರ ಕುಳಿತು ನೋಡು. ನಾನು ಸಾಕು ಎಂದೊಡನೆ ಹೊರಟುಬಿಡಬೇಕು."

ಬೆಳಗ್ಗೆ ಹಕ್ಕಿ ದೂರದ ಕಲ್ಲಿನ ಮೇಲೆ ರೆಕ್ಕೆ ಮಡಚಿ ಕುಳಿತಿತು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಒಂದು ಎಲೆ ಬಿಚ್ಚಿಕೊಂಡಿತು, ಅದರ ಪಕ್ಕದ್ದೂ ಬಿಚ್ಚಿಕೊಂಡಿತು, ನೋಡನೋಡುತ್ತ ಇಡೀ ಗಿಡವೇ ಬಿಸಿಲಿಗೆ ಮೈಯೊಡ್ಡಿತು. ತುದಿಯ ಗುಲಾಬಿ ಬಣ್ಣದ ಮೊಗ್ಗು ಮೆಲ್ಲಗೆ ಬಿರಿಯತೊಡಗಿತು. ಗೊರವಂಕ ಕುಳಿತಲ್ಲಿಂದಲೇ ಕತ್ತು ಚಾಚಿತು.

"ಸಾಕು," ಎಂದಿತು ಗಿಡ.

ಹೂವು ಇನ್ನೂ ಅರ್ಧವೇ ಅರಳಿತ್ತು. ಗೊರವಂಕ ಒಡನೆಯೇ ಹಾರಿಹೋಯಿತು.

ಜಾಲಿಮರದ ಹಕ್ಕಿಗಳು ಸುತ್ತುವರಿದವು. "ಪೂರ್ತಿ ನೋಡಿದೆಯಾ?"

"ಇಲ್ಲ. ನಿನ್ನೆ ನಾನು ಹೇಳಿದ್ದು ತಪ್ಪು. ಇವತ್ತು ಅದು ತೋರಿಸಿದಷ್ಟು ನೋಡಿದೆ," ಎಂದಿತು ಗೊರವಂಕ. "ಅಷ್ಟನ್ನು ಹೇಳುವುದಕ್ಕೇ ನನಗೆ ಮಾತು ಸಾಲುತ್ತಿಲ್ಲ."