ಎದುರಿಗೆ ಕೂರದ ಗುರು

ಹೊಳೆದಂಡೆಯ ಆ ಆಶ್ರಮ ಶಾಲೆಯಲ್ಲಿ ಹಿಂದೆ ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಈಗ ಅಲ್ಲಿಗೂ ಕಂಪ್ಯೂಟರ್ ಬಂದಿತ್ತು. ಇಂದುಧರ ಮರಳಿನ ಕಾಲದ ಶಿಷ್ಯ; ಈಗ ಅದೇ ಶಾಲೆಯಲ್ಲಿ ಆಟಿಸಂ ಇರುವ ಮಕ್ಕಳಿಗೆ ಓದು ಕಲಿಸುವ ಮೇಷ್ಟ್ರು.

ಒಂದು ಸಂಜೆ ಅವನು ತನ್ನ ಗುರು ತಿರುಮಲಯ್ಯನವರ ಮುಂದೆ ಬಂದು ನಿಂತ.

"ಚಾರ್ವಿ ಓದೋದೇ ಬಿಟ್ಟಿದ್ದಾಳೆ, ಗುರುಗಳೇ. ನಾಳೆ ಅವಳ ತಾಯಿ ಬರ್ತಾರೆ. ನನ್ನ ಕೈಲಾಗಲಿಲ್ಲ, ಮಗೂನ ಕರ್ಕೊಂಡು ಹೋಗಿ ಅಂದ್ಬಿಡ್ತೀನಿ."

"ಹೋದ ವಾರ ಓದ್ತಿದ್ದಳಲ್ಲಪ್ಪಾ?"

"ಹೌದು. ಕಂಪ್ಯೂಟರ್ ಪದ ಹೇಳಿದರೆ, ಪರದೆ ಮೇಲೆ ಅದೇ ಪದಕ್ಕೆ ಬೆರಳಿಡ್ತಿದ್ದಳು."

"ಆಮೇಲೆ?"

ಇಂದುಧರ ತಲೆ ತಗ್ಗಿಸಿದ. "ಅದರ ದನಿ ನಿಲ್ಲಿಸಿದೆ. ಎದುರಿಗೆ ಕೂತು ನಾನೇ ಹೇಳಿಕೊಟ್ಟೆ. ಸರಿ ತೋರಿಸಿದಾಗಲೆಲ್ಲ ಭೇಷ್ ಅಂದೆ. ಯಂತ್ರಕ್ಕಿಂತ ಮನುಷ್ಯನ ಪ್ರೀತಿ ದೊಡ್ಡದಲ್ವೇ?"

ಪ್ರೀತಿಯೇನೋ ನಿಜ. ಯಂತ್ರದ ಮೇಲೆ ಅವನಿಗೆ ಹೊಟ್ಟೆಕಿಚ್ಚೂ ಇತ್ತು. ಗುರುಗಳಿಗೆ ಅದು ತಿಳಿಯದೇನಲ್ಲ.

ಮರುದಿನ ಬೆಳಿಗ್ಗೆ ಅವರು ತರಗತಿಗೆ ಬಂದರು. ಚಾರ್ವಿ ಕಿವಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತಿದ್ದಳು. ಗುರುಗಳು ಕಂಪ್ಯೂಟರಿನ ದನಿ ಹಾಕಿದರು. ಇಂದುಧರನ ಕುರ್ಚಿ ಎತ್ತಿ ಹುಡುಗಿಯ ಖಾಲಿ ಕುರ್ಚಿಯ ಪಕ್ಕಕ್ಕಿಟ್ಟರು.

"ಕೂತ್ಕೋ. ಕಿಟಕಿಯಲ್ಲಿ ಹೊಳೆ ಕಾಣುತ್ತೆ, ಅದನ್ನ ನೋಡು."

"ಮೀನು," ಎಂದಿತು ಕಂಪ್ಯೂಟರ್. ತುಸು ಹೊತ್ತು ಬಿಟ್ಟು ಅದೇ ದನಿಯಲ್ಲಿ, "ಮೀನು."

ತಿರುಗಿ ನೋಡುವ ಆಸೆಯನ್ನು ಇಂದುಧರ ಕಷ್ಟಪಟ್ಟು ತಡೆದ. ಹೊಳೆ ನೋಡುತ್ತ ನೋಡುತ್ತ ಬಾಲ್ಯ ನೆನಪಾಯಿತು. ಬಿಸಿಲಿಗೆ ಬೆಚ್ಚಗಾದ ಮರಳು, ತಪ್ಪಿದ್ದನ್ನು ಅಳಿಸಿ ಮತ್ತೆ ಬರೆಯುವ ತನ್ನ ಬೆರಳು, ಪಕ್ಕದಲ್ಲಿ ಹೊಳೆಯತ್ತ ಮುಖ ಮಾಡಿ ಕೂತ ಗುರುಗಳು. ಆ ದಿನಗಳು ಮತ್ತೆ ಬರಬಾರದೇ ಅನ್ನಿಸಿತು.

ಪಕ್ಕದ ಕುರ್ಚಿ ಕಿರುಗುಟ್ಟಿತು. ಪರದೆಯ ಮೇಲೆ ಪುಟ್ಟ ಬೆರಳು ತಾಗಿದ ಸದ್ದು.

"ಸರಿ," ಎಂದಿತು ಕಂಪ್ಯೂಟರ್. ಇಂದುಧರ ಭೇಷ್ ಅನ್ನಲಿಲ್ಲ.

ಚಾರ್ವಿಯ ತಾಯಿ ಯಾವಾಗಲೋ ಬಂದು ಬಾಗಿಲಲ್ಲಿ ನಿಂತಿದ್ದರು. ಕಣ್ಣೊರೆಸಿಕೊಂಡು, ಮಗಳನ್ನು ಅಲ್ಲೇ ಬಿಟ್ಟು ಊರಿಗೆ ಹೊರಟರು.

ಸಂಜೆ ಗುರುಶಿಷ್ಯರು ಹೊಳೆಯ ಮರಳಿನ ಮೇಲೆ ಕೂತರು.

"ಅಕ್ಷರ ಕಲಿಸುವಾಗ ನೀವು ಒಂದು ದಿನವೂ ನನ್ನ ಮುಖ ನೋಡಲಿಲ್ಲ," ಎಂದ ಇಂದುಧರ. "ನನ್ನ ಮೇಲೆ ನಿಮಗೆ ಅಷ್ಟು ಪ್ರೀತಿಯಿಲ್ಲ ಅಂತಲೇ ಅಂದ್ಕೊಂಡಿದ್ದೆ."

ಗುರುಗಳು ಹೊಳೆಯಿಂದ ಕಣ್ಣು ತೆಗೆಯಲಿಲ್ಲ.

"ನೋಡಿದ್ದರೆ ನೀನು ಅಕ್ಷರ ಬಿಟ್ಟು ನನ್ನ ಮುಖ ಓದ್ತಿದ್ದೆ."