ಮೇಟಿಯ ಪಕ್ಕದ ಎತ್ತು

ಕರಿಗೌಡರ ಕಣದಲ್ಲಿ ರಾಗಿ ತುಳಿಯುತ್ತಿದ್ದ ಎತ್ತುಗಳೆಲ್ಲ ಒಂದು ಬೆಳಗ್ಗೆ ನಿಂತುಬಿಟ್ಟವು. ಕಾಲ ಕೆಳಗೆ ತೆನೆ, ಬಾಯಿಗೆ ತಿನ್ನದಂತೆ ಕಟ್ಟಿದ ಕುಕ್ಕೆ. ಇದ್ಯಾವ ನ್ಯಾಯ, ಕುಕ್ಕೆ ಬಿಚ್ಚುವ ತನಕ ಹೆಜ್ಜೆ ಎತ್ತುವುದಿಲ್ಲ ಎಂದವು. ಎಲ್ಲವನ್ನೂ ಒಂದೇ ಹಗ್ಗದಲ್ಲಿ ಸಾಲಾಗಿ ಕಟ್ಟಿತ್ತು. ಕಣದ ನಡುವಿನ ಮೇಟಿಕಂಬದ ಪಕ್ಕ ಇದ್ದದ್ದು ಮುದಿ ಬೋಡ. ಅದರ ಸುತ್ತು ಎಲ್ಲಕ್ಕಿಂತ ಸಣ್ಣದು.

ಗೌಡರು ಕವಿಯುತ್ತಿದ್ದ ಮಳೆಮೋಡ ನೋಡಿ, ಬೋಡನ ಕಿವಿಯ ಹತ್ತಿರ ಬಗ್ಗಿದರು. "ನೀನು ಹಿರಿಯ. ನಿನ್ನೊಬ್ಬನ ಕುಕ್ಕೆ ಬಿಚ್ಚುತ್ತೇನೆ. ನೀನು ನಡೆದರೆ ಉಳಿದವೂ ನಡೆಯುತ್ತವೆ."

ಬೋಡನ ಬಾಯಲ್ಲಿ ನೀರೂರಿತು. ಆದರೂ ಅದು ಸಾಲಿನ ಆ ತುದಿಯಲ್ಲಿ ಏದುಸಿರು ಬಿಡುತ್ತಿದ್ದ ಎಳೆಯ ಮಾಸನ ಕಡೆ ನೋಡಿತು.

"ಬಿಚ್ಚುವುದಾದರೆ ಆ ತುದಿಯಿಂದ ಬಿಚ್ಚಿಕೊಂಡು ಬನ್ನಿ, ಗೌಡರೇ. ದೊಡ್ಡ ಸುತ್ತು ನಡೆಯುವವನು ಅವನು. ನನ್ನದು ಕೊನೆಗಾಗಲಿ."

ಗೌಡರು ಗೊಣಗುತ್ತಲೇ ಒಂದೊಂದಾಗಿ ಬಿಚ್ಚುತ್ತ ಬಂದರು. ಬೋಡನ ಮುಂದೆ ಬಂದಾಗ ಕೈ ತಡೆದರು. "ಕೊನೆಗೆ ಅಂದೆಯಲ್ಲ, ನಿನ್ನದು ಸಂಜೆಗಾಗಲಿ. ಎಲ್ಲರೂ ತಿನ್ನಿ, ನಡೆಯಿರಿ."

ಒಂದು ಎತ್ತೂ ತಲೆ ಬಗ್ಗಿಸಲಿಲ್ಲ.

"ತಿನ್ನಿರೋ, ಯಾಕೆ ನಿಂತಿರಿ?" ಅಂದರು ಗೌಡರು.

"ಅಜ್ಜನ ಬಾಯಿ ಇನ್ನೂ ಕಟ್ಟಿದೆ" ಅಂದಿತು ಮಾಸ.

ಗೌಡರು ಇನ್ನೊಮ್ಮೆ ಮೋಡ ನೋಡಿದರು, ನಕ್ಕರು, ಬೋಡನ ಕುಕ್ಕೆಯನ್ನೂ ಬಿಚ್ಚಿ ಹೆಗಲಿಗೆ ಹಾಕಿಕೊಂಡರು. ಆಗ ಎಲ್ಲವೂ ಒಟ್ಟಿಗೆ ಬಗ್ಗಿ ಒಂದೊಂದು ಬಾಯಿ ತೆನೆ ಎತ್ತಿಕೊಂಡವು, ಅಗಿಯುತ್ತಲೇ ನಡೆಯತೊಡಗಿದವು.

ಬೋಡನೂ ನಡೆಯಿತು. ಆ ತುದಿಯ ಮಾಸ ಹಿಂದೆ ಬೀಳದಂತೆ ತನ್ನ ಹೆಜ್ಜೆಯನ್ನು ಸಣ್ಣದು ಮಾಡಿಕೊಂಡಿತು.